ಸೂಜಿ ನಿಂತ ಮೇಲೆ

ಡಾಕ್ಟರ್ ಹೇಳಿದ್ದನ್ನು ಕೇಳಿ ಸಿದ್ದಲಿಂಗವ್ವ ನಕ್ಕುಬಿಟ್ಟಳು.

ನಗುವ ಜಾಗವಾಗಿರಲಿಲ್ಲ ಅದು. ಬೈಲಹೊಂಗಲದ ಆಸ್ಪತ್ರೆಯ ಸಣ್ಣ ಕೋಣೆ. ಎದುರಿಗೆ ಬೆಳಗಾವಿಯಿಂದ ವಾರಕ್ಕೊಮ್ಮೆ ಬರುವ ಕ್ಯಾನ್ಸರ್ ಡಾಕ್ಟರ್ ಮಧು. ಪಕ್ಕದ ಕುರ್ಚಿಯಲ್ಲಿ ಗಂಡ ಮಹಾಂತಪ್ಪ. ನೇಸರಗಿಯಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟ ಮನುಷ್ಯ, ಅರವತ್ತು ದಾಟಿದರೂ ಮೀಸೆ ತಿರುವುವುದನ್ನು ಬಿಟ್ಟಿರದವನು. ಪ್ರಾಸ್ಟೇಟ್ ಗ್ರಂಥಿಯಲ್ಲಿ ಹುಟ್ಟಿದ ಕ್ಯಾನ್ಸರ್ ಅವನ ಬೆನ್ನೆಲುಬಿಗೆ ಹಬ್ಬಿದೆ ಎಂದು ಗೊತ್ತಾಗಿ ಇನ್ನೂ ವಾರವಾಗಿರಲಿಲ್ಲ.

"ಈ ರೋಗ ಗಂಡಸರ ಹಾರ್ಮೋನ್ ತಿಂದು ಬೆಳೀತದ ನೋಡ್ರಿ," ಎಂದು ಮಧು ನಿಧಾನವಾಗಿ ಬಿಡಿಸಿ ಹೇಳಿದ್ದಳು. "ಆ ಹಾರ್ಮೋನ್ ಬಂದ್ ಮಾಡೋ ಸೂಜಿ ಮೂರು ತಿಂಗಳಿಗೊಮ್ಮೆ ಮಾಡತೀವಿ. ಗಂಟು ಕುಗ್ಗತದ, ಬೆನ್ನು ನೋವು ಕಡಿಮಿ ಆಗತದ. ಪೂರಾ ವಾಸಿ ಆಗಂಗಿಲ್ಲ, ಆದ್ರ ಹಿಡದಿಡಬಹುದು. ಇನ್ನೊಂದು ಮಾತು, ಯಜಮಾನ್ರ. ಹೆಂಗಸರ ಮ್ಯಾಲಿನ ಆಸೆ ಹೋಗತದ. ನಮಗ ಮುಟ್ಟು ನಿಲ್ಲೋ ಕಾಲಕ್ಕ ಮೈಯೆಲ್ಲಾ ಬಿಸಿ ಏರತದಲ್ರಿ, ಹಂಗ ನಿಮಗೂ ಏರತದ."

ಆಗ ಬಂದ ನಗು ಅದು.

ಭಯಕ್ಕೆ ಹೀಗಾಯಿತೆಂದು ತಿಳಿದ ಮಧು ಎದ್ದು ಬಂದು ಅವಳ ಭುಜ ಹಿಡಿದಳು. "ಅಂಜಬ್ಯಾಡ್ರಿ ಅವ್ವಾರ."

"ಅಂಜಿಕಿ ಅಲ್ರಿ ಬಾಯಾರ," ಸಿದ್ದಲಿಂಗವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಮಾಡ್ರಿ ಸೂಜಿ. ಒಂದ್ಯಾಕ, ಎರಡು ಮಾಡ್ರಿ."

ಮಹಾಂತಪ್ಪ ತಲೆ ತಗ್ಗಿಸಿದ. ಆ ನಗುವಿನ ಅರ್ಥ ಆ ಕೋಣೆಯಲ್ಲಿ ಅವನೊಬ್ಬನಿಗೇ ಗೊತ್ತಿತ್ತು.

ಮಧು ಇನ್ನೊಂದು ವಿಷಯವನ್ನೂ ಹೇಳಿದಳು. ಅವಳು ಇದೇ ಔಷಧದ ಮೇಲೆ ಒಂದು ಅಧ್ಯಯನ ನಡೆಸುತ್ತಿದ್ದಳು. ಮೊದಲು ಎಲ್ಲರಿಗೂ ಸೂಜಿ. ರೋಗದ ಏರಿಳಿತ ತೋರಿಸುವ ರಕ್ತದಲ್ಲಿನ ಪಿಎಸ್ಎ ಅಂಕಿ ಚೆನ್ನಾಗಿ ಇಳಿದವರನ್ನು ಆಮೇಲೆ ಎರಡು ಗುಂಪು ಮಾಡುವುದು. ಒಂದು ಗುಂಪಿಗೆ ಬಿಡದೆ ಸೂಜಿ. ಇನ್ನೊಂದಕ್ಕೆ ಸೂಜಿ ನಿಲ್ಲಿಸಿ, ಅಂಕಿ ಮತ್ತೆ ಏರಿದಾಗ ಶುರು ಮಾಡುವುದು. "ಯಾರು ಯಾವ ಗುಂಪಿಗೆ ಅನ್ನೋದು ಕಂಪ್ಯೂಟರ್ ಚೀಟಿ ಎತ್ತಿದಂಗ ಎತ್ತತದ. ಯಾವ ದಾರಿ ಚಲೋ ಅಂತ ನಮಗೂ ಇನ್ನೂ ಪೂರ್ತಿ ಗೊತ್ತಿಲ್ಲ. ಅದಕ್ಕ ಈ ಸ್ಟಡಿ. ಬ್ಯಾಡಂದ್ರ ಯಾವಾಗ ಬೇಕಾದ್ರೂ ಬಿಡಬಹುದು."

ಮಹಾಂತಪ್ಪ ಒಪ್ಪಿದ. ಆ ದಿನ ಅವನು ಏನಕ್ಕೆ ಬೇಕಾದರೂ ಒಪ್ಪುತ್ತಿದ್ದ.

*

ವರ್ಷಗಳ ಹಿಂದಿನಿಂದಲೂ ನೇಸರಗಿಯ ಅಂಗಡಿಯ ಜೊತೆಗೆ ಮಹಾಂತಪ್ಪನಿಗೆ ರಾಮದುರ್ಗದಲ್ಲೂ ಒಂದು ಅಂಗಡಿಯಿತ್ತು. ಶನಿವಾರ ಹೋದರೆ ಸೋಮವಾರ ಬರುತ್ತಿದ್ದ. ಒಂದು ಸಲ ಹೆಂಡತಿಗೆಂದು ಸೀರೆ ತಂದ. ಹಸಿರಿನ ಮೇಲೆ ಕುಂಕುಮ ಬಣ್ಣದ ಅಂಚು. ನೋಡಿದವರೆಲ್ಲ ಮುಟ್ಟಿ ನೋಡುವಂಥ ಸೀರೆ.

ಸಿದ್ದಲಿಂಗವ್ವ ಅದನ್ನು ತೊಡೆಯ ಮೇಲೆ ಹರವಿಕೊಂಡು ಸುಮ್ಮನೆ ಕುಳಿತಳು. ಹಸಿರಿಗೂ ನೀಲಿಗೂ ಫರಕು ತಿಳಿಯದ ಗಂಡಸು ಇಂಥದ್ದನ್ನು ಆರಿಸಲಾರ. ಯಾರೋ ಹೆಂಗಸಿನ ಕಣ್ಣು ಇದನ್ನು ಆರಿಸಿದೆ.

ವಿಚಾರಿಸಿದಾಗ ಹೆಸರೂ ಸಿಕ್ಕಿತು. ರಾಚವ್ವ. ಮಗ್ಗ ನಡೆಸುವ ವಿಧವೆ. ಕೇಳಿದ್ದಕ್ಕೆ ಮಹಾಂತಪ್ಪ ಕನ್ನಡಿಯ ಮುಂದೆ ಮೀಸೆ ತೀಡುತ್ತಲೇ ಉತ್ತರ ಕೊಟ್ಟಿದ್ದ: "ಗಂಡಸಂದ್ರ ಹಿಂಗ ಇರಾಂವ. ನಿನಗೇನು ಕಡಿಮಿ ಮಾಡೇನಿ?"

ಆ ಸೀರೆಯನ್ನುಟ್ಟು ಅವಳು ಭಾಂಡೆ ತಿಕ್ಕಿದಳು, ಅಂಗಳ ಸಾರಿಸಿದಳು. ಅದು ಹರಿದು ಚಿಂದಿಯಾಗುವವರೆಗೂ ಮೈಮೇಲಿನಿಂದ ತೆಗೆಯಲಿಲ್ಲ. ಆದರೆ ಮಹಾಂತಪ್ಪ ಅದನ್ನು ಗಮನಿಸಲೇ ಇಲ್ಲ. ಆ ಸಿಟ್ಟೇ ಅವಳಿಗೆ ಹೆಚ್ಚು.

*

ಮಹಾಂತಪ್ಪ ರಾಮದುರ್ಗದ ಅಂಗಡಿ ಮಾರಿ ಊರಲ್ಲೇ ಉಳಿದ. ಸೂಜಿ ಕೆಲಸ ಶುರು ಮಾಡಿತು. ಬೆನ್ನು ನೋವು ಇಳಿಯಿತು. ಬಿಸಿ ಏರಿತು.

ಕುಳಿತಲ್ಲೇ ಮಹಾಂತಪ್ಪನ ಕುತ್ತಿಗೆ ಕೆಂಪಾಗುತ್ತಿತ್ತು, ಅಂಗಿ ಬೆವರಿಗೆ ಅಂಟುತ್ತಿತ್ತು. ಸಿದ್ದಲಿಂಗವ್ವ ಫ್ಯಾನಿನ ಗುಂಡಿಯ ಹತ್ತಿರವೇ ಮಣೆ ಹಾಕಿಕೊಂಡು ಕೂರುತ್ತಿದ್ದಳು.

"ಫ್ಯಾನ್ ಹಚ್ಚು."

"ಹೆಂಗ ಕೇಳತಾರ?"

"...ಫ್ಯಾನ್ ಹಚ್ಚವಾ, ಸಿದ್ದವ್ವಾ."

"ನೆನಪೈತೇನ್ರಿ? ನನಗ ಮುಟ್ಟು ನಿಂತು ಹಿಂಗ ಆದಾಗ ಏನಂದಿದ್ರಿ? ಜ್ವರ ಬಂದ ಎಮ್ಮಿ ಆಗೀದಿ ಅಂದಿದ್ರಿ. ಹಂಗಂದು ರಾಮದುರ್ಗದ ಬಸ್ ಹತ್ತಿದ್ರಿ."

ಬೆವರು ಅವನ ಹುಬ್ಬಿನಿಂದ ಇಳಿದು ಕಣ್ಣಿಗೆ ಹೋಯಿತು. ಅವಳು ಗುಂಡಿ ಒತ್ತಿದಳು. "ಜ್ವರ ಬಂದ ಕ್ವಾಣಕ್ಕ ಸ್ವಲ್ಪ ಗಾಳಿ ಬರ್ಲಿ."

ಹೀಗೆ ಒಂದೊಂದನ್ನೂ ಹಿಂದಿರುಗಿಸಿದಳು. ಅವನು ಟೀವಿ ನೋಡಿ ಅತ್ತರೆ ಅದನ್ನು ಪಕ್ಕದ ಮನೆಯವರಿಗೆ ಹೇಳಿ ನಗಿಸಿದಳು. ಸೂಜಿಯಿಂದ ಎದೆ ಹೆಂಗಸರ ಹಾಗೆ ಉಬ್ಬಿ ನೋಯುತ್ತದೆ ಎಂದರೆ, "ಹೌದ್ರಿ, ಎದಿ ಅಂದ್ರ ನೋಯತೈತಿ," ಎಂದಳು. ಊಟ, ಗುಳಿಗೆ, ತಪಾಸಣೆ ಯಾವುದರಲ್ಲೂ ಲೋಪ ಮಾಡಲಿಲ್ಲ. ಅವನು ಬೇಗ ಸಾಯುವುದು ಅವಳಿಗೆ ಬೇಕಿರಲಿಲ್ಲ. ಅವನು ಇದನ್ನೆಲ್ಲ ಅನುಭವಿಸಬೇಕಿತ್ತು.

ಆದರೆ ಅವಳ ಲೆಕ್ಕದಲ್ಲಿ ಇಲ್ಲದ ಒಂದು ಸಂಗತಿ ನಡೆಯತೊಡಗಿತು. ಮಹಾಂತಪ್ಪ ಅವಳನ್ನು ನೋಡತೊಡಗಿದ.

ಬಾಗಿಲ ಬಳಿ ಅವಳು ಬೆಳ್ಳುಳ್ಳಿ ಸುಲಿಯುವಾಗ ತಾನೂ ಬಂದು ಕೂರುತ್ತಿದ್ದ. ಒಂದು ಎಸಳು ಸುಲಿಯುವಷ್ಟರಲ್ಲಿ ಅವಳದು ಹತ್ತಾಗಿರುತ್ತಿತ್ತು. ಮಿಕ್ಕ ಹೊತ್ತು ಅವನ ಕಣ್ಣು ಅವಳ ಕಿವಿಯ ಹತ್ತಿರ ನಿಂತಿರುತ್ತಿತ್ತು.

"ಏನ ನೋಡಾಕತ್ತೀರಿ?"

"ಬೆಂಡವಾಲಿ. ಚಂದ ಅದಾವ."

"ನಮ್ಮಪ್ಪ ಮದುವ್ಯಾಗ ಹಾಕಿದ್ದು. ಇವತ್ತ ಕಂಡುವೇನು?"

"ಇವತ್ತ ಕಂಡುವು," ಎಂದ ಅವನು, ತಪ್ಪು ಮಾಡಿ ಸಿಕ್ಕ ಹುಡುಗನ ಹಾಗೆ.

ಅವಳ ಕಿವಿ ಬೆಚ್ಚಗಾಯಿತು. ಕೂಡಲೇ ಸಿಟ್ಟು ಬಂತು. ಮೂವತ್ತು ವರ್ಷದವಳಿದ್ದಾಗ ಇದೇ ನೋಟಕ್ಕಾಗಿ ಹೂ ಮುಡಿದು ಕಾದಿದ್ದಳು. ಈಗ ನೋಡುತ್ತಿರುವವನು ಗಂಡನಲ್ಲ, ಸೂಜಿ.

ಮುಂದಿನ ತಪಾಸಣೆಗೆ ಹೋದಾಗ ಮಧುವನ್ನು ಒಬ್ಬಳನ್ನೇ ಹಿಡಿದು ಕೇಳಿಯೇ ಬಿಟ್ಟಳು. "ಬಾಯಾರ, ಇವರು ಈಗ ನನ್ನ ಮ್ಯಾಲ ಭಾಳ ಮಾಯಾ, ಪ್ರೀತಿ ಮಾಡಾಕತ್ತಾರ. ಇದು ಇವರದೋ, ನಿಮ್ಮ ಔಷಧದ್ದೋ?"

ಮಧು ನಗಲಿಲ್ಲ. ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡುತ್ತ ಯೋಚಿಸಿದಳು. "ಮನಸ್ಸು ಮೆತ್ತಗಾಗೋದು ಔಷಧದಿಂದ ಆಗತದ, ಅವ್ವಾರ. ಆದ್ರ ಮೆತ್ತಗಾದ ಮನಸ್ಸು ಯಾರ ಕಡೆ ತಿರುಗತದ ಅನ್ನೋದನ್ನ ನನಗ ರಕ್ತದಾಗ ನೋಡಾಕ ಬರಂಗಿಲ್ಲ."

ಅಂಕಿ ಚೆನ್ನಾಗಿ ಇಳಿದಿತ್ತು. ಕಂಪ್ಯೂಟರ್ ಚೀಟಿ ಎತ್ತಿತು. ಮಹಾಂತಪ್ಪ ಸೂಜಿ ನಿಲ್ಲಿಸುವ ಗುಂಪಿಗೆ ಬಂದ.

"ಗಂಡಸ್ತನ ಮತ್ತ ಬರತೈತೇನ್ರಿ?" ಎಂದು ಅವನಲ್ಲ, ಸಿದ್ದಲಿಂಗವ್ವನೇ ಕೇಳಿದಳು.

"ಕೆಲವರಿಗೆ ಬರತದ, ನಾಕಾರು ತಿಂಗಳಿಗೆ. ಬ್ಯಾಡಾದ್ರ ಹೇಳ್ರಿ. ಸ್ಟಡಿ ಬಿಟ್ಟು ಸೂಜಿ ಮುಂದುವರಿಸೂಣು."

ಮಹಾಂತಪ್ಪ ಹೆಂಡತಿಯ ಮುಖ ನೋಡಿದ. ನೀನೇ ಹೇಳು ಎನ್ನುವ ನೋಟ. ಒಂದು ಮಾತು ಅಂದಿದ್ದರೆ ಸಾಕಿತ್ತು, ಅವನನ್ನು ಹಾಗೆಯೇ ಕಟ್ಟಿಹಾಕಿ ಇಟ್ಟುಕೊಳ್ಳಬಹುದಿತ್ತು. ಸಿದ್ದಲಿಂಗವ್ವ ಸೆರಗು ಬಿಗಿದಳು.

"ನಿಲ್ಲಸ್ರಿ. ಸೂಜಿ ಇಲ್ಲದ ಈ ಮನಶ್ಯಾ ಎಂಥಾಂವ ಅಂತ ನಾನೂ ಒಂದೀಟು ನೋಡತೇನಿ."

*

ಮನಸ್ಸಿನಲ್ಲಿ ಎಲ್ಲ ಸಿದ್ಧ ಮಾಡಿಟ್ಟುಕೊಂಡಳು. ಅವನು ರಾಮದುರ್ಗದ ಬಸ್ ಹತ್ತುವ ದಿನವೇ ತಾನು ತವರೂರು ಚಚಡಿಗೆ ಹೋಗುವುದು. ಹೋಗುವ ಮೊದಲು ಓಣಿಯವರನ್ನೆಲ್ಲ ಕರೆದು ಹೇಳುವುದು. ರೋಗ ಮರುಕಳಿಸಿ ಅವನು ಒಬ್ಬನೇ ಬಿದ್ದಿರುವಾಗ ಬಾಗಿಲಲ್ಲಿ ನಿಂತು, ಹೆಂಗಸಂದ್ರ ಹಿಂಗ ಇರಾಕಿ ಅನ್ನುವುದು.

ಚಳಿ ಮುಗಿಯುವ ಹೊತ್ತಿಗೆ ಬಿಸಿ ಏರುವುದು ನಿಂತಿತು. ಗಡ್ಡ ಒರಟಾಯಿತು, ನಡಿಗೆಗೆ ಬಿರುಸು ಬಂತು. ಶನಿವಾರಗಳು ಬಂದವು, ಹೋದವು. ಅವನು ರಾಮದುರ್ಗಕ್ಕೆ ಹೋಗಲಿಲ್ಲ. ಸಿದ್ದಲಿಂಗವ್ವ ಕಾದು ಕಾದು ಸೋತಳು.

ಒಂದು ಮುಂಜಾನೆ ಅವಳು ರೊಟ್ಟಿ ಬಡಿಯುತ್ತಿದ್ದಾಗ ಮಹಾಂತಪ್ಪ ಹಿಂದೆ ಬಂದು ನಿಂತ. ಹಣೆಗೆ ಜಾರಿದ ಕೂದಲನ್ನು, ಕೈಯೆಲ್ಲ ಹಿಟ್ಟಾಗಿದ್ದರಿಂದ, ಅವಳು ಮೊಣಕೈಯಿಂದ ಹಿಂದೆ ಸರಿಸಲು ನೋಡುತ್ತಿದ್ದಳು. ಅವನು ಬಾಗಿ, ಎರಡು ಬೆರಳಿಂದ ಆ ಕೂದಲನ್ನು ಕಿವಿಯ ಹಿಂದೆ ಸೇರಿಸಿದ. ಬೆರಳು ಅಲ್ಲಿಂದ ಕುತ್ತಿಗೆಗೆ ಇಳಿದು ನಿಂತಿತು.

"ಬಿಡ್ರಿ. ರೊಟ್ಟಿ ಹೊತ್ತತೈತಿ."

"ಹೊತ್ತಲಿ."

ರೊಟ್ಟಿ ಹೊತ್ತಿತು. ಅವಳು ಏಳಲಿಲ್ಲ. ಆ ವಯಸ್ಸಿನಲ್ಲಿ ತನ್ನ ಮೈ ಹಾಗೆ ಝುಮ್ಮೆನ್ನುವುದೆಂದು ಅವಳಿಗೇ ಗೊತ್ತಿರಲಿಲ್ಲ. ಕಣ್ಣು ಮುಚ್ಚಿಕೊಂಡಳು.

ಆ ಸಂತೋಷದ ಬೆನ್ನಿಗೇ ಸಿಟ್ಟು ಉಕ್ಕಿ ಬಂತು. ಅಂದರೆ ಇವನಿಗೆ ಇದು ಬರುತ್ತಿತ್ತು. ಹೀಗೆ ಕೂದಲು ಸರಿಸುವುದು, ಹೀಗೆ ಮುಟ್ಟುವುದು, ಎಲ್ಲವೂ ಬರುತ್ತಿತ್ತು. ಇಷ್ಟು ವರ್ಷ ಅದನ್ನೆಲ್ಲ ಬಸ್ಸಿಗೆ ಹಾಕಿಕೊಂಡು ರಾಮದುರ್ಗಕ್ಕೆ ಒಯ್ದ.

ಅವಳು ಎದ್ದು ಕೈ ತೊಳೆದಳು. ಗುಳಿಗೆ, ಎಕ್ಸ್‌ರೇ, ಎರಡು ಧೋತರ, ಎಲ್ಲ ಒಂದು ಚೀಲಕ್ಕೆ ತುಂಬಿದಳು.

"ನಡೀರಿ."

"ಎಲ್ಲಿಗೆ?"

"ರಾಮದುರ್ಗಕ್ಕ."

*

ಸವದತ್ತಿಯಲ್ಲಿ ಬಸ್ ಬದಲಿಸಿದರು. ದಾರಿಯುದ್ದಕ್ಕೂ ಅವಳು ಕಿಟಕಿಯ ಕಡೆ ಮುಖ ಮಾಡಿ ಕುಳಿತಿದ್ದಳು. ಮಹಾಂತಪ್ಪ ಎರಡು ಸಲ ಮಾತು ಶುರು ಮಾಡಿ ಬಿಟ್ಟ.

ರಾಚವ್ವನ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಮಹಾಂತಪ್ಪನ ಕಾಲಿಗೇ ದಾರಿ ಗೊತ್ತಿತ್ತು. ಮಗ್ಗದಲ್ಲಿ ಕುಳಿತಿದ್ದ ಹೆಂಗಸು ತಲೆಯೆತ್ತಿದಳು. ನರೆತ ಕೂದಲು, ಮೂಗಿನ ತುದಿಗೆ ಜಾರಿದ ಚಷ್ಮಾ, ದಣಿದ ಮುಖ. ಸಿದ್ದಲಿಂಗವ್ವ ಇಷ್ಟು ವರ್ಷ ಬೈದದ್ದು ಬೇರೆ ಯಾವಳೋ ಚೆಲುವೆಯನ್ನು.

ಆದರೂ ಅವಳು ಚೀಲವನ್ನು ಕಟ್ಟೆಯ ಮೇಲೆ ಕುಕ್ಕಿದಳು.

"ತಗೋ. ಗಟ್ಟಿ ಇದ್ದಾಗ ನೀ ಇಟಗೊಂಡಿ. ಈಗ ಎಲುಬಿಗೆ ಕ್ಯಾನ್ಸರ್ ಐತಿ. ಇದನ್ನೂ ನೀನ ಇಟಗೋ. ರಕ್ತ ತಪಾಸಣಿ ಮಾಡಸು, ಅಂಕಿ ಏರಿದ್ರ ಸೂಜಿ ಮಾಡಸು, ಅತ್ರ ಕಣ್ಣೀರು ಒರಸು. ಹೆಸರಿಗೆ ಹೆಂಡ್ತಿ ಆಗಿ ನನಗ ಸಾಕಾಗೇತಿ."

ರಾಚವ್ವ ಚಷ್ಮಾ ತೆಗೆದಳು. ಅವಳನ್ನಲ್ಲ, ಮಹಾಂತಪ್ಪನನ್ನು ನೋಡಿದಳು. "ಅಂಗಡಿ ಮಾರಿ ಹೋದ್ರಿ. ಒಂದು ಫೋನ್ ಇಲ್ಲ. ಸತ್ತಾರೋ ಬದಕ್ಯಾರೋ ಅಂತ ಯಾರನ್ನ ಕೇಳಬೇಕಿತ್ತು ನಾ? ಯಾವ ಹಕ್ಕಿಲೆ ಕೇಳಬೇಕಿತ್ತು?"

ಮಹಾಂತಪ್ಪ ಚಪ್ಪಲಿ ಬಿಟ್ಟು ಕಟ್ಟೆಯ ತುದಿಗೆ ಕುಳಿತ.

ರಾಚವ್ವ ಸಿದ್ದಲಿಂಗವ್ವನ ಕಡೆ ತಿರುಗಿದಳು. "ನೀವು ಬೈಯ್ದಿದ್ದು ಖರೆ ಐತ್ರಿ ಅಕ್ಕಾರ. ಬಿಟ್ಟು ಹೋಗ್ರಿ. ಗಂಜಿ ಕಾಸಿ ಹಾಕತೇನಿ, ದವಾಖಾನಿಗೆ ಕರಕೊಂಡು ಹೋಗತೇನಿ. ನನಗೇನೂ ಭಾರ ಇಲ್ಲ."

ಈ ಉತ್ತರವನ್ನು ಸಿದ್ದಲಿಂಗವ್ವ ಎಣಿಸಿರಲಿಲ್ಲ. ಅವಳ ಕಲ್ಪನೆಯಲ್ಲಿ ರಾಚವ್ವ ಜಗಳವಾಡುತ್ತಿದ್ದಳು, ಇಲ್ಲವೆ ಬಾಗಿಲು ಹಾಕಿಕೊಳ್ಳುತ್ತಿದ್ದಳು.

"ಆತು," ಎಂದಳು. "ಬೇಷಾತು." ತಿರುಗಿ ನೋಡದೆ ನಡೆದಳು.

*

ಬಸ್ ನಿಲ್ದಾಣದ ಕಲ್ಲಿನ ಬೆಂಚಿನ ಮೇಲೆ ಕುಳಿತಾಗ, ಗೆದ್ದೆ ಅಂದುಕೊಳ್ಳಲು ನೋಡಿದಳು. ಆಗಲಿಲ್ಲ. ಒಂದೇ ವಿಚಾರ ಮತ್ತೆ ಮತ್ತೆ ಬಂತು. ಮುಂಜಾನೆ ಏಳುವಾಗ ಅವನು ಒಮ್ಮೆಲೆ ಎದ್ದರೆ ಬೆನ್ನು ಹಿಡಿಯುತ್ತದೆ. ಮೊದಲು ಎಡಮಗ್ಗುಲಿಗೆ ಹೊರಳಿಸಿ, ಆಮೇಲೆ ಬೆನ್ನಿಗೆ ಕೈ ಕೊಟ್ಟು ಎಬ್ಬಿಸಬೇಕು. ಇದನ್ನು ರಾಚವ್ವನಿಗೆ ಹೇಳಿಲ್ಲ.

ಸವದತ್ತಿ ಬಸ್ ಬಂತು. ಹತ್ತಲಿಲ್ಲ. "ಹೇಳಿ ಬಂದುಬಿಡತೇನಿ, ಅಷ್ಟ," ಎಂದು ತನಗೆ ತಾನೇ ಬೈದುಕೊಂಡು ಎದ್ದಳು.

ನಿಲ್ದಾಣದ ಬಾಗಿಲಲ್ಲಿ ಮಹಾಂತಪ್ಪ ಎದುರಾದ. ಚೀಲ ಹೊತ್ತು, ಸೊಂಟ ಹಿಡಿದುಕೊಂಡು, ಏದುಸಿರು ಬಿಡುತ್ತ.

"ಆಕಿ ಹೊರಗ ಹಾಕಿದ್ಲೇನು?"

"ಇಲ್ಲ. ಇರ್ರಿ ಅಂದ್ಲು. ನಾನ ಬಂದೆ. ಆಕಿಗೂ ಅನ್ಯಾಯ ಮಾಡೇನಿ, ಕೈ ಮುಗದು ಹೇಳಿ ಬಂದೆ." ಅವನು ಗೋಡೆಗೆ ಒರಗಿ ಉಸಿರು ತಂದುಕೊಂಡ. "ಸೂಜಿ ಇದ್ದಾಗ ನಿನ್ನ ನೋಡಿದ್ರ, ಅದು ಸೂಜಿ ಅಂತ ತಿಳದಿ. ಈಗ ಸೂಜಿ ಇಲ್ಲ. ಸುಳ್ಳು ಹೇಳಂಗಿಲ್ಲ ಸಿದ್ದವ್ವಾ, ಇಲ್ಲಿಗೆ ಬರಬೇಕಂತ ಮನಸೂ ಆತು. ಒಮ್ಮೆ ಬೈಲಹೊಂಗಲದ ಸ್ಟ್ಯಾಂಡಿನಾಗ ಬಸ್ ಹತ್ತಿ ಕುಂತಿದ್ದೆ."

"ಮತ್ತ?"

"ಇಳದೆ. ಸಂಜಿಗೆ ನಿನ್ನ ಮಾರಿ ನೋಡದ ಇರಾಕ ಆಗಂಗಿಲ್ಲ ಅನಸ್ತು. ಬೈಯ್ಲಿ, ನಗಲಿ, ಆದ್ರ ಅದ ಮಾರಿ ಬೇಕು ಅನಸ್ತು."

ಸಿದ್ದಲಿಂಗವ್ವ ಬೇರೆ ಕಡೆ ನೋಡಿದಳು.

"ಕ್ಷಮಾ ಮಾಡು," ಎಂದ.

"ಮಾಡೂದಿಲ್ಲ."

"ಯಾವಾಗೂ?"

"ಯಾವಾಗೂ ಮಾಡೂದಿಲ್ಲ. ನನ್ನ ವಯಸ್ಸು ನೀವು ತಿರುಗಿ ಕೊಡತೀರೇನು?"

ಅವನು ತಲೆ ಆಡಿಸಿದ. ಚೀಲ ಕೆಳಗಿಟ್ಟ. "ಹಂಗಾರ ನಾ ಎಲ್ಲಿಗೆ ಹೋಗಲಿ?"

"ಎಲ್ಲಿಗಂದ್ರ? ಮನಿಗೆ." ಅವಳು ಬಾಗಿ ಚೀಲವನ್ನು ತಾನೇ ಎತ್ತಿಕೊಂಡಳು. "ಕ್ಷಮಾ ಬ್ಯಾರೆ, ಮನಿ ಬ್ಯಾರೆ."

ಮುಂದಿನ ಬಸ್ಸಿನಲ್ಲಿ ಕಿಟಕಿಯ ಸೀಟನ್ನು ಅವನಿಗೆ ಬಿಟ್ಟಳು. ಊರು ದಾಟುವಾಗ ಅವನ ಕೈ ಬಂದು ಅವಳ ಕೈಯ ಮೇಲೆ ಕುಳಿತಿತು, ಹೊಸ ಮದುಮಗನ ಅಂಜಿಕೆಯಲ್ಲಿ.

"ಅಂಕಿ ಏರಿದ್ರ ಮತ್ತ ಸೂಜಿ ಶುರು ಆಗತೈತಿ, ಸಿದ್ದವ್ವಾ. ಮತ್ತ ನಾ ಹಂಗ ಆಗತೇನಿ."

"ಗೊತ್ತೈತಿ."

"ಬ್ಯಾಸರಾ ಇಲ್ಲೇನು?"

"ಐತಿ." ಅವಳು ಅವನ ಮುಖವನ್ನು ನೇರವಾಗಿ ನೋಡಿದಳು. ಎಷ್ಟೋ ವರ್ಷಗಳ ಮೇಲೆ ಹಾಗೆ ನೋಡಿದ್ದು. "ಅದಕ್ಕ ಅಲ್ಲಿತನಾ ಹೊತ್ತು ಹಾಳು ಮಾಡಬ್ಯಾಡ್ರಿ."

ಟಿಕೆಟ್ ಕೊಡಲು ಬಂದ ಕಂಡಕ್ಟರನನ್ನು ಕಂಡು ಮಹಾಂತಪ್ಪ ನಾಚಿ ಕೈ ಹಿಂತೆಗೆಯಲು ಹೋದ. ಸಿದ್ದಲಿಂಗವ್ವ ಅವನ ಬೆರಳುಗಳನ್ನು, ನೋಯುವಷ್ಟು ಬಿಗಿಯಾಗಿ, ಹಿಡಿದುಕೊಂಡಳು.