ಸ್ಟಾಪ್ ಬಂದರೆ ನಿಲ್ಲುವ ಬಸ್ಸು

"ಅಪ್ಪಾ, ಬಾಣದ ಕೀ ಬಿಡಬೇಡ. ಟೈಮ್ ಹೋಗ್ತಿದೆ."

ಅಪ್ಪ ಬಿಟ್ಟೇಬಿಟ್ಟರು. ಲ್ಯಾಪ್‌ಟಾಪಿನ ಪರದೆಯ ಮೇಲೆ, ಸಣ್ಣಿ ಶಾಲೆಗಾಗಿ ಮಾಡಿದ ಗೇಮಿನಲ್ಲಿ, ಕೆಂಪು ಬಸ್ಸು ಸ್ಟಾಪಿನ ಪಕ್ಕ ನಿಂತಿತು. ಅಲ್ಲಿ ಕೊಡೆ ಹಿಡಿದ ಒಬ್ಬ ಅಜ್ಜಿ ಇದ್ದಳು.

"ಯಾಕೆ ನಿಲ್ಲಿಸಿದೆ?" ಎಂದಳು ಸಣ್ಣಿ.

"ಅಜ್ಜಿ ಹತ್ತೋದು ಬೇಡ್ವಾ?"

"ಅದು ಬರೀ ಚಿತ್ರ ಅಪ್ಪ. ಚೆಂದ ಕಾಣ್ಲಿ ಅಂತ ಹಾಕಿದ್ದು. ನೀನು ಓಡಿಸ್ತಾ ಇರು. ದೂರ ಹೋದಷ್ಟೂ ಪಾಯಿಂಟ್."

ಅಪ್ಪ ಹತ್ತೊಂಬತ್ತು ವರ್ಷಗಳಿಂದ ಸಿಟಿ ಬಸ್ ಓಡಿಸುವವರು. ಆಗಲಿ ಎಂದು ಮತ್ತೆ ಹೊರಟರು. ಮುಂದಿನ ಸ್ಟಾಪ್ ಬಂದಾಗ ಬೆರಳು ತಾನಾಗಿಯೇ ಮೇಲೆದ್ದಿತು. ಒಂದು ನಿಮಿಷದ ಆಟ ಮುಗಿದಾಗ ಅವರಿಗೆ ಹನ್ನೊಂದು ಪಾಯಿಂಟ್. ಸಣ್ಣಿಯ ಸ್ಕೋರ್ ಎಂಬತ್ತಾರು.

"ನಿನಗೆ ಆಡೋಕೆ ಬರಲ್ಲ ಬಿಡು," ಎಂದು ಸಣ್ಣಿ ನಕ್ಕಳು. ಅಪ್ಪನೂ ನಕ್ಕರು. ಏಳುವಾಗ ಮಾತ್ರ, "ಪಾಪ, ಒಬ್ಬರೂ ಹತ್ತಲಿಲ್ಲ," ಎಂದರು.

ಆ ಮಾತು ಸಣ್ಣಿಯ ತಲೆಯಲ್ಲೇ ಉಳಿಯಿತು. ನಾಳೆ ಕಂಪ್ಯೂಟರ್ ಮೇಡಂ ಎಲ್ಲರ ಗೇಮ್ ನೋಡುತ್ತಾರೆ. ಸರಿಯಾಗಿ ಓಡುತ್ತಿರುವುದನ್ನು ಈಗ ಕೆಡಿಸಿಕೊಂಡರೆ?

ಆದರೂ ಗೇಮ್ ನಡೆಸುವ ಆಜ್ಞೆಗಳ ಬ್ಲಾಕುಗಳನ್ನು ತೆರೆದಳು. ದೂರಕ್ಕೆ ಪಾಯಿಂಟ್ ಕೊಡುವ ಬ್ಲಾಕನ್ನು ಕಿತ್ತು ಹಾಕಿದಳು. 'ಬಸ್ಸು ಅಜ್ಜಿಯ ಪಕ್ಕ ನಿಂತರೆ' ಎಂಬ ಬ್ಲಾಕಿನೊಳಗೆ 'ಒಂದು ಪಾಯಿಂಟ್ ಸೇರಿಸು' ಎಂಬುದನ್ನು ಎಳೆದು ಕೂರಿಸಿದಳು. ಆಟ ಶುರುಮಾಡುವ ಹಸಿರು ಬಾವುಟ ಒತ್ತಿದಳು.

ಬಸ್ಸು ನಿಂತಿತು. ಪಾಯಿಂಟ್ ಒಂದಾಯಿತು. ಎರಡು, ಒಂಬತ್ತು, ನಲವತ್ತು. ನಿಂತ ಕಡೆಯೇ ನೂರು ದಾಟಿತು.

ಬ್ಲಾಕುಗಳ ಜಾಗ ಬದಲಿಸಿದಳು. ಮತ್ತೆ ಅದೇ ಕತೆ.

ಅಪ್ಪ ಹಿಂದಿನಿಂದ ಬಗ್ಗಿ ನೋಡಿದರು. "ಏನಿದು, ಕೂತಲ್ಲೇ ಸಂಪಾದನೆ?"

"ಅಜ್ಜಿ ಹತ್ತಿದರೆ ಒಂದೇ ಪಾಯಿಂಟ್ ಬರಬೇಕು. ನಿಲ್ತಾನೇ ಇಲ್ಲ ಅಪ್ಪ."

"ಅಜ್ಜಿ ಹತ್ತಿದರಾ?"

"ಹತ್ತಿದರು."

"ಮತ್ತೆ ಇನ್ನೂ ಕೆಳಗೇ ನಿಂತಿದಾರಲ್ಲ."

ಸಣ್ಣಿ ಪರದೆಯನ್ನು ದಿಟ್ಟಿಸಿದಳು. ಹೌದಲ್ಲ. ಅಜ್ಜಿ ಅಲ್ಲೇ ಇರುವವರೆಗೂ ಬಸ್ಸು ಅದೇ ಅಜ್ಜಿಯನ್ನು ಹತ್ತಿಸಿಕೊಳ್ಳುತ್ತಲೇ ಇದೆ. ಹುಡುಕಿ 'ಅಡಗಿಸು' ಬ್ಲಾಕನ್ನು ತಂದು ಅಜ್ಜಿಗೆ ಜೋಡಿಸಿದಳು. ಬಸ್ಸು ನಿಂತಿತು, ಅಜ್ಜಿ ಮಾಯವಾದಳು, ಪಾಯಿಂಟ್ ಒಂದಕ್ಕೇ ನಿಂತಿತು. ಉಳಿದ ಸ್ಟಾಪುಗಳಲ್ಲಿ ನಿಂತವರಿಗೂ ಹಾಗೆಯೇ ಮಾಡಿ ಮುಗಿಸಿದಳು.

ಮರುದಿನ ಲ್ಯಾಬಿನಲ್ಲಿ ಮೊದಲು ಆಡಲು ಕುಳಿತವಳು ಪಕ್ಕದ ಬೆಂಚಿನ ಗೆಳತಿ. ಎಲ್ಲದರಲ್ಲೂ ಅವಸರ, ಅದಕ್ಕೇ ಎಲ್ಲರೂ ಅವಳನ್ನು ರಾಕೆಟ್ ಎನ್ನುತ್ತಿದ್ದರು. ಕೀ ಒತ್ತಿದವಳು ಬಿಡಲೇ ಇಲ್ಲ. ಸ್ಟಾಪುಗಳೆಲ್ಲ ಸರ್ರನೆ ಹಿಂದೆ ಹೋದವು. ಕೊನೆಗೆ ಸೊನ್ನೆ.

"ನಿನ್ನ ಗೇಮ್ ಕೆಟ್ಟಿದೆ ಕಣೇ."

"ಕೆಟ್ಟಿಲ್ಲ. ಇನ್ನೊಂದ್ಸಲ ಆಡು," ಎಂದಳು ಸಣ್ಣಿ. ಹೇಗೆಂದು ಹೇಳಲಿಲ್ಲ.

ಈ ಸಲ ಕೀಯಿಂದ ಬೆರಳು ಜಾರಿ ಬಸ್ಸು ಅಜ್ಜಿಯ ಪಕ್ಕ ನಿಂತಿತು. ಅಜ್ಜಿ ಹತ್ತಿದಳು. "ಓ, ಹಂಗಾ," ಎಂದಳು ರಾಕೆಟ್. ಮುಂದಿನ ಸ್ಟಾಪಿನಲ್ಲಿ ಮಗುವನ್ನು ಎತ್ತಿಕೊಂಡ ಹೆಂಗಸು. ರಾಕೆಟ್ ಬೆರಳು ಬಿಡುವಷ್ಟರಲ್ಲಿ ಬಸ್ಸು ಮುಂದೆ ಹೋಗಿಬಿಟ್ಟಿತ್ತು.

"ಇವರು ಉಳಿದುಬಿಟ್ಟರು. ಹಿಂದೆ ಹೋಗೋದು ಹೆಂಗೆ?"

"ಹೋಗೋಕಾಗಲ್ಲ."

ಮುಂದಿನ ಸ್ಟಾಪ್ ದೂರದಲ್ಲಿ ಕಂಡಾಗಲೇ ರಾಕೆಟ್ ನಿಧಾನ ಮಾಡಿದಳು. ಅಲ್ಲಿ ಚೀಲ ಹೊತ್ತ ಒಬ್ಬ ಹುಡುಗ. ಬಸ್ಸು ಸರಿಯಾಗಿ ಅವನ ಪಕ್ಕಕ್ಕೆ ಬಂದು ನಿಂತಿತು. ಹುಡುಗ ಮಾಯವಾದ, ಅಷ್ಟರಲ್ಲಿ ಆಟದ ನಿಮಿಷ ಮುಗಿಯಿತು.

ಪಾಯಿಂಟ್ ಎಷ್ಟಾಯಿತೆಂದು ಅವಳು ನೋಡಲೂ ಇಲ್ಲ.

"ಹತ್ತಿದ," ಎಂದಳು ರಾಕೆಟ್.

"ನೋಡಿದೆ," ಎಂದಳು ಸಣ್ಣಿ.