ಬೀಗ ಹಾಕಿದ ಠಾಣೆ

1959ನೇ ಇಸವಿ ಮಾರ್ಚ್ 13, ಶುಕ್ರವಾರ. ಬೆಳಿಗ್ಗೆ ಒಂಬತ್ತು ಇಪ್ಪತ್ತಕ್ಕೆ ಕೆಸರೆಯ ಪುಟ್ಟತಾಯಮ್ಮ ಇನ್ಸ್‌ಪೆಕ್ಟರ್ ರುದ್ರಸ್ವಾಮಿಯವರ ಕಚೇರಿಗೆ ಬಂದಳು. ಬೆಂಚು ತೋರಿಸಿದರೂ ಕೂರಲಿಲ್ಲ.

"ನಮ್ಮೋರು ನಿನ್ನೆ ಲಾಕಪ್ಪಲ್ಲಿ ಸತ್ತೋದ್ರು ಸ್ವಾಮಿ. ಬೀಗ ಆಕಿತ್ತು."

"ಲಾಕಪ್ಪಿಗೆ ಬೀಗ ಇದ್ದೇ ಇರುತ್ತಮ್ಮ."

"ಲಾಕಪ್ಪಿಗಲ್ಲ. ಠಾಣೆಗೆ. ಬೀದಿ ಬಾಗ್ಲಿಗೆ."

ರುದ್ರಸ್ವಾಮಿ ಓದುತ್ತಿದ್ದ ಕಾಗದವನ್ನು ಪಕ್ಕಕ್ಕೆ ಸರಿಸಿದರು.

ಅವಳ ಗಂಡ ನಿಂಗಯ್ಯ ಮಂಡಿ ಮೊಹಲ್ಲಾದಲ್ಲಿ ಮೂಟೆ ಹೊರುವ ಹಮಾಲಿ. ಬುಧವಾರ ಸಂಜೆ ಅಂಗಡಿಯೊಂದರ ಮುಂದೆ ತಳ್ಳಾಟವಾಗಿ, ಹುಲ್ಲುಬೀದಿ ಠಾಣೆಯವರು ಅವನನ್ನು ಹಿಡಿದುಕೊಂಡು ಹೋಗಿದ್ದರು. ಅವನಿಗೆ ಮೂರ್ಛೆರೋಗ. ಎರಡು ಹೊತ್ತೂ ಔಷಧಿ ಕುಡಿಯಬೇಕು. ಗುರುವಾರ ಮಧ್ಯಾಹ್ನ ಅವಳು ಔಷಧಿ ತೆಗೆದುಕೊಂಡು ಹೋದಾಗ ಠಾಣೆಯಲ್ಲಿ ಇದ್ದವರು ದಫೇದಾರ್ ಕರಿಬಸವಯ್ಯ ಒಬ್ಬರೇ. ಐದು ಗಂಟೆಗೆ ಬಾ ಎಂದು ಹೇಳಿ, ಬಾಗಿಲಿಗೆ ಬೀಗ ಜಡಿದು, ಸೈಕಲ್ ಹತ್ತಿ ಹೋದರು.

"ನಾನು ಜಗಲಿ ಮ್ಯಾಲೇ ಕುಂತಿದ್ದೆ. ಮೂರೂವರೆ ಇರ್ಬೋದು, ಒಳಗೆ ಕಲ್ಲಿಗೆ ತಲೆ ಬಡ್ದಂಗೆ ಸದ್ದು ಬಂತು. ಕಾಲು ಒದ್ಕೊಳೋದೂ ಕೇಳುಸ್ತು. ನನಗೆ ಗೊತ್ತಾಗೋಯ್ತು. ಬಾಗ್ಲು ಬಡ್ದೆ, ಕೂಗ್ದೆ. ಜನ ಸೇರಿದ್ರು."

"ಯಾರೂ ಬೀಗ ಒಡೀಲಿಲ್ವಾ?"

"ಪೊಲೀಸ್ ಠಾಣೆ ಬೀಗ ಯಾರು ಒಡೀತಾರೆ ಸ್ವಾಮಿ?"

ಹತ್ತು ಗಂಟೆಗೆ ಅವಳ ಹೇಳಿಕೆ ಬರೆದುಕೊಂಡು, ಹೆಬ್ಬೆಟ್ಟು ಒತ್ತಿಸಿ, ಎಫ್‌ಐಆರ್ ದಾಖಲಿಸಿದರು. ಶವಾಗಾರದಲ್ಲಿ ಮ್ಯಾಜಿಸ್ಟ್ರೇಟರ ಮುಂದೆ ಪಂಚನಾಮೆ, ಆಮೇಲೆ ಮರಣೋತ್ತರ ಪರೀಕ್ಷೆ, ಎರಡೂ ಆಗಲೇ ಮುಗಿದಿದ್ದವು. ಹಣೆಯಲ್ಲಿ ಗಾಯ, ಶ್ವಾಸನಾಳದಲ್ಲಿ ವಾಂತಿ. "ಪಕ್ಕದಲ್ಲಿ ಯಾರಾದರೂ ಇದ್ದು ಮಗ್ಗುಲಿಗೆ ಹೊರಳಿಸಿದ್ದರೆ ಸಾಕಿತ್ತು" ಎಂದರು ಡಾಕ್ಟರು.

ಹನ್ನೊಂದೂವರೆಗೆ ರುದ್ರಸ್ವಾಮಿ ಹುಲ್ಲುಬೀದಿ ಠಾಣೆಗೆ ಹೋದರು. ಅಲ್ಲಿನ ಸಬ್‌ಇನ್ಸ್‌ಪೆಕ್ಟರ್ ಕಾಫಿ ತರಿಸಿದರು. ಅದು ಮೇಜಿನ ಮೇಲೇ ಆರಿತು.

"ಮಂತ್ರಿಗಳು ಬಂದಿದ್ರು ಸಾರ್. ಎಲ್ಲರನ್ನೂ ಬಂದೋಬಸ್ತಿಗೆ ಕಳಿಸಿದ್ದೆ. ಮೂರ್ಛೆ ಬಂದು ಸತ್ತ, ಅದಕ್ಕೆ ನಾವೇನ್ ಮಾಡೋಕಾಗುತ್ತೆ? ನಮ್ಮವರೇ ಅಲ್ವಾ, ಮುಗಿಸ್ಬಿಡಿ."

"ಸ್ಟೇಷನ್ ಡೈರಿ ಕೊಡಿ."

ಗುರುವಾರದ ಪುಟ ದುಂಡಗಿನ ಅಕ್ಷರದಲ್ಲಿತ್ತು. ಎರಡು ಗಂಟೆ, ಆರೋಪಿ ಕ್ಷೇಮ. ಮೂರು ಗಂಟೆ, ಆರೋಪಿ ಕ್ಷೇಮ. ನಾಲ್ಕು ಗಂಟೆ, ಆರೋಪಿ ಕ್ಷೇಮ. ನಾಲ್ಕು ನಲವತ್ತೈದು, ಆರೋಪಿಗೆ ಪ್ರಜ್ಞೆ ಇಲ್ಲ, ಆಸ್ಪತ್ರೆಗೆ ಸಾಗಿಸಲಾಯಿತು. ನಾಲ್ಕು ಗಂಟೆಯ ಸಾಲಿನ ಕೆಳಗೆ ಕಾಗದ ಒಂದಿಷ್ಟು ತೆಳ್ಳಗಾಗಿತ್ತು. ಬ್ಲೇಡಿನಿಂದ ಹೆರೆದ ಗುರುತು. ರುದ್ರಸ್ವಾಮಿ ಪುಟವನ್ನು ಕಿಟಕಿಯ ಬೆಳಕಿಗೆ ಹಿಡಿದರು. ಹೆರೆದ ಮಸಿ ಮಸುಕಾಗಿ ಕಂಡಿತು: ಐದು ಗಂಟೆ, ಆರೋಪಿ ಕ್ಷೇಮ.

ಐದು ಗಂಟೆಯ ಹೊತ್ತಿಗೆ ನಿಂಗಯ್ಯನ ಹೆಣ ಆಸ್ಪತ್ರೆಯಲ್ಲಿತ್ತು.

ಎದುರು ಅಂಗಡಿಯಲ್ಲಿ ವೀಳ್ಯದೆಲೆ ಮಾರುವ ಬಸಮ್ಮ ಎಲೆಗೆ ನೀರು ಚಿಮುಕಿಸುತ್ತಲೇ ಹೇಳಿದಳು: "ಎಲ್ರೂ ನೋಡವ್ರೆ ಕಣ್ರೀ. ಎರಡೂವರೆಗೆ ಬೀಗ ಆಕ್ಬುಟ್ಟು ಓದ್ರು. ಕೈಲಿ ಬುತ್ತಿ ಇತ್ತು. ಆ ಯಮ್ಮ ಬಾಗ್ಲು ಬಡೀತಾ ಇದ್ದಿದ್ದು ನೋಡಕ್ಕಾಗ್ತಿರ್ಲಿಲ್ಲ."

"ದಫೇದಾರ್ರು ಬುತ್ತಿ ತಗೊಂಡು ಎಲ್ಲಿಗೆ ಹೋಗ್ತಾರಯ್ಯ?" ಎಂದು ರುದ್ರಸ್ವಾಮಿ ಆ ಠಾಣೆಯ ಕಾನ್‌ಸ್ಟೇಬಲ್ ಮಹದೇವುವನ್ನು ಕೇಳಿದರು.

ಮಹದೇವು ಟೋಪಿ ಸರಿಮಾಡಿಕೊಂಡ. "ನನ್ನ ಹೆಸರು ಬರೀಬೇಡಿ ಸಾರ್."

"ಬರೀಲೇಬೇಕು. ಹೇಳು."

"ಅವರ ಮನೆಯವರು ಕ್ಷಯದ ಆಸ್ಪತ್ರೇಲವ್ರೆ."

ಊರಾಚೆಯ ಆ ಆಸ್ಪತ್ರೆಗೆ ಜೀಪಿನಲ್ಲಿ ಹೋಗಿ ಬರುವಷ್ಟರಲ್ಲಿ ನಾಲ್ಕು ದಾಟಿತು. ರೋಗಿಗಳನ್ನು ನೋಡಲು ಬಂದವರು ಸಹಿ ಮಾಡುವ ಪುಸ್ತಕದಲ್ಲಿ, ಮಾರ್ಚ್ 12ರಂದು, ಕರಿಬಸವಯ್ಯನ ಹೆಂಡತಿ ಸಿದ್ದಲಿಂಗಮ್ಮನ ಹೆಸರಿನ ಮುಂದೆ ಮೂರು ಹತ್ತಕ್ಕೆ ಒಂದು ಸಹಿ ಇತ್ತು. ಅದೇ ದುಂಡಗಿನ ಅಕ್ಷರ.

ಕರಿಬಸವಯ್ಯನಿಗೆ ಐವತ್ತರ ಹತ್ತಿರ ವಯಸ್ಸು. ಹುಲ್ಲುಬೀದಿ ಠಾಣೆಯಲ್ಲಿ ರುದ್ರಸ್ವಾಮಿಯವರ ಮುಂದೆ ನೆಟ್ಟಗೆ ನಿಂತಿದ್ದ.

"ನಿನ್ನೆ ಮೂರು ಗಂಟೆಗೆ ಎಲ್ಲಿದ್ರಿ?"

"ಠಾಣೇಲೇ ಸಾರ್."

"ಆಸ್ಪತ್ರೆ ಪುಸ್ತಕದಲ್ಲಿ ನಿಮ್ಮ ಸಹಿ ಇದೆ."

ರುದ್ರಸ್ವಾಮಿ ಡೈರಿಯ ಪುಟ ತೆರೆದು ಅವನ ಮುಂದಿಟ್ಟರು.

"ಐದು ಗಂಟೆ ಸಾಲು ಯಾವಾಗ ಬರೆದ್ರಿ?"

"ಹೊರಡೋಕೆ ಮುಂಚೆ ಎಲ್ಲಾ ಒಟ್ಟಿಗೇ ಬರ್ದಿಟ್ಟೆ ಸಾರ್."

"ಆಕೆ ಔಷಧಿ ತಂದಿದ್ರು. ಯಾಕೆ ಈಸ್ಕೊಳ್ಲಿಲ್ಲ?"

"ಈಸ್ಕೊಂಡ್ರೆ ಲಾಕಪ್ ತೆಗೀಬೇಕಿತ್ತು, ಕುಡಿಸ್ಬೇಕಿತ್ತು, ಡೈರೀಲಿ ಬರೀಬೇಕಿತ್ತು. ಹೊತ್ತಾಗ್ಬುಡ್ತಿತ್ತು. ಅಲ್ಲಿ ಮೂರರಿಂದ ನಾಲ್ಕರ ತನಕ ಅಷ್ಟೇ ಒಳಗೆ ಬುಡೋದು. ಇವಳು ಬುಧವಾರ ರಕ್ತ ಕಾರ್ಕೊಂಡ್ಳು ಅಂತ ಹೇಳಿ ಕಳ್ಸಿದ್ರು ಸಾರ್. ಎರಡು ಸಲ ರಜಾ ಕೇಳ್ದೆ. ಬಂದೋಬಸ್ತು ಮುಗೀಲಿ ಅಂದ್ರು."

"ವಾಪಸ್ ಬಂದಾಗ?"

"ಜನ ದಾರಿ ಬುಟ್ರು. ಆವಾಗ್ಲೇ ಗೊತ್ತಾಯ್ತು."

ಸಂಜೆ ಐದು ನಲವತ್ತಕ್ಕೆ ಕರಿಬಸವಯ್ಯನನ್ನು ದಸ್ತಗಿರಿ ಮಾಡಲಾಯಿತು. ನಿರ್ಲಕ್ಷ್ಯದಿಂದ ಸಾವಿಗೆ ಕಾರಣನಾದದ್ದು, ಸುಳ್ಳು ದಾಖಲೆ ಬರೆದದ್ದು, ಎರಡೂ ಆರೋಪ. ಅವನು ಬೆಲ್ಟು ಬಿಚ್ಚಿ ಮೇಜಿನ ಮೇಲಿಟ್ಟ. ಮಹದೇವು ಮುಖ ತಿರುಗಿಸಿಕೊಂಡ. ಠಾಣೆಯಲ್ಲಿ ಒಬ್ಬನನ್ನೇ ಬಿಟ್ಟ ಆದೇಶವನ್ನೂ, ತಿರಸ್ಕರಿಸಿದ ಎರಡು ರಜಾ ಅರ್ಜಿಗಳನ್ನೂ ರುದ್ರಸ್ವಾಮಿ ವರದಿಗೆ ಲಗತ್ತಿಸಿದರು. ಸಬ್‌ಇನ್ಸ್‌ಪೆಕ್ಟರ್ ಎರಡು ಸಲ ಫೋನ್ ಮಾಡಿದರು. ರುದ್ರಸ್ವಾಮಿ ತೆಗೆದುಕೊಳ್ಳಲಿಲ್ಲ.

ಶನಿವಾರ ಬೆಳಿಗ್ಗೆ ಕೆಸರೆಗೆ ಅವರೇ ಹೋದರು. ಪುಟ್ಟತಾಯಮ್ಮ ಬಾಗಿಲ ಬಳಿ ಗೋಡೆಗೆ ಒರಗಿ ಕೂತಿದ್ದಳು. ದಸ್ತಗಿರಿಯ ವಿಷಯ ಹೇಳಿದರು. ದಫೇದಾರ ಯಾಕೆ ಹೋಗಿದ್ದ ಎಂಬುದನ್ನೂ, ಹೇಳಬೇಕೋ ಬೇಡವೋ ಎಂದು ತಡವರಿಸುತ್ತಲೇ ಹೇಳಿದರು.



"ಎಂಡ್ರು ನೋಡಕ್ಕೆ ಓದ್ರಾ?" ಎಂದಳು. "ನಾನೂ ಎಂಡ್ರೇ ಅಲ್ವಾ ಸ್ವಾಮಿ? ಅವರ ಮುಂದ್ಗಡೆನೇ ನಿಂತಿದ್ನಲ್ಲ."