ದೊಡ್ಡಮ್ಮ ಹಿಡಿದ ಕಂಬಿ

ಮೂವತ್ತು ವರ್ಷ ಗೋಡೆ ಕೊರೆದೇ ಹೊಟ್ಟೆ ಹೊರೆದವನು ನಾನು; ಕಟ್ಟುಕಥೆ ಹೇಳುವ ಆಸಾಮಿಯಲ್ಲ.

ಸೊಂಟದ ಆಪರೇಷನ್ ಆದ ದೊಡ್ಡಮ್ಮ ಹಿಡಿದು ಏಳಲೆಂದು ಬಚ್ಚಲುಮನೆಯಲ್ಲಿ ಸ್ಟೀಲ್ ಕಂಬಿ ಕೂರಿಸುತ್ತಿದ್ದೆ. ಹಳೇ ಕಾಂಕ್ರೀಟ್ ಗೋಡೆ. ಮೂರು ಸ್ಕ್ರೂ ಬಿಗಿಯಾಗಿ ಕೂತವು. ನಾಲ್ಕನೆಯ ತೂತು ಮಾತ್ರ ಪುಡಿಪುಡಿಯಾಗಿ ಅಗಲವಾಗಿ, ಸ್ಕ್ರೂ ಕಚ್ಚಿಕೊಳ್ಳಲೆಂದು ತೂರಿಸಿದ ಪ್ಲಾಸ್ಟಿಕ್ ಪ್ಲಗ್ಗು ಒಳಗೇ ಗಿರಗಿರನೆ ಸುತ್ತತೊಡಗಿತು. ಅದನ್ನು ಕಿತ್ತು, ಧೂಳು ಹೋಗಲೆಂದು ತೂತಿಗೆ ಕೊಳವೆಯಿಟ್ಟು ಊದಿದೆ. ನಾನು ನಿಲ್ಲಿಸಿದ ಮೇಲೆ ತೂತೂ ಒಮ್ಮೆ ಊದಿತು. ಬೆಚ್ಚಗಿನ ಉಸಿರು, ಮುಖದ ತುಂಬ ಧೂಳು. ಗೋಡೆಯಾಚೆ ಬರೀ ಬಯಲು. ನಮ್ಮದು ಮೂರನೇ ಮಹಡಿ.

“ಏನೋ, ಗೋಡೆ ಜೊತೆ ಜಗಳ ಆಡ್ತಿದೀಯಾ?” ದೊಡ್ಡಮ್ಮ ಹೊರಗಿನಿಂದ ಕೇಳಿದರು.

“ಇಲ್ಲ ದೊಡ್ಡಮ್ಮ, ರಾಜಿ ಆಗ್ತಿದೀವಿ.”

ನೋಡೋಣವೆಂದು ಅದೇ ಪ್ಲಗ್ಗನ್ನಿಟ್ಟು ಸ್ಕ್ರೂ ತಿರುಗಿಸಿದೆ. ಒಳಗಿನಿಂದ ಯಾರೋ ಪ್ಲಗ್ಗನ್ನು ಬೆರಳಲ್ಲಿ ಹಿಡಿದುಕೊಂಡಂತೆ, ಸ್ಕ್ರೂ ಗಟ್ಟಿಯಾಗಿ ಕಚ್ಚಿಕೊಂಡಿತು.

ಅಂದಿನಿಂದ ದೊಡ್ಡಮ್ಮ ಯಾರನ್ನೂ ಕೂಗುವುದಿಲ್ಲ, ತಾವೇ ಏಳುತ್ತಾರೆ. ನನಗೆ ಅಷ್ಟೇ ಸಾಕಿತ್ತು.

ಹೋದ ತಿಂಗಳು ಬಣ್ಣ ಬಳಿಯುವವನು ಬಚ್ಚಲಿನಿಂದ ಕರೆದ. “ನಾಲ್ಕೂ ಸ್ಕ್ರೂ ಬಿಚ್ಚಿದೀನಿ ಸಾರ್, ಕಂಬಿ ಮಾತ್ರ ಬರ್ತಾ ಇಲ್ಲ. ಅದೇನು ಅಂಟು ಹಾಕಿದೀರಾ?”

ನಾನು ಅಂಟು ಹಾಕಿರಲಿಲ್ಲ. ಮೈಭಾರವನ್ನೆಲ್ಲ ಹಾಕಿ ಜಗ್ಗಿದೆ. ಕಂಬಿ ಒಂದಿಷ್ಟೂ ಅಲುಗಲಿಲ್ಲ. ಸುತ್ತಲೂ ಬಣ್ಣ ಬಳಿಸಿ ಸ್ಕ್ರೂ ಮತ್ತೆ ಹಾಕಹೋದರೆ, ಗೋಡೆ ಒಂದನ್ನೂ ಒಳಗೆ ಬಿಟ್ಟುಕೊಳ್ಳಲಿಲ್ಲ.

ಆ ನಾಲ್ಕು ಸ್ಕ್ರೂ ಈಗ ನನ್ನ ಮೇಜಿನ ಡ್ರಾಯರಿನಲ್ಲಿವೆ. ದೊಡ್ಡಮ್ಮ ಈಗಷ್ಟೇ ಸ್ನಾನ ಮುಗಿಸಿ, ಕಂಬಿ ಹಿಡಿದು ಎದ್ದು ಬಂದರು.